ಮೂರು ಟ್ರೇಗೆ ಆರು ಕಮ್ಮಿ

ಮೀಟರು ಕೊಡೋಕೆ ಅವರಿಗೆ ಗೋಡೆ ಬೇಕು.
ನಮ್ಮದು ಟಾರ್ಪಾಲು, ನಾಲ್ಕು ಗಳ,
ಮುನ್ನೂರ ಹನ್ನೊಂದು ಬಾತು.
ಈ ವಾರ ಯಾವ ಗದ್ದೆ ಕೊಯ್ಲಾಯ್ತೋ
ಅದೇ ನಮ್ಮೂರು.

ಕಾಡುಬೆಕ್ಕು ಎರಡು ಸಲ ಬಂತು.
ಒಂದೇ ರಾತ್ರಿ ಹದಿನಾಲ್ಕು ಕತ್ತು.
ಟಾರ್ಚಿನ ಸೆಲ್ಲಿಗೆ ಸುರಿದ ಕಾಸು ನೆನೆದು
ಬೆಳಿಗ್ಗೆ ಎದ್ದು ಮಂಡ್ಯಕ್ಕೆ ಹೋದೆ.
ಬಸ್ಸು ಹೆಂಗಸರಿಗೆ ಫ್ರೀ, ಇಲ್ಲದಿದ್ರೆ ಅದೂ ಲೆಕ್ಕಕ್ಕೆ.
ಸೆರಗಿನ ಗಂಟಲ್ಲಿ ಸಾವಿರದ ಎಂಟುನೂರು.

ಗುತ್ತಲು ರಸ್ತೆ, ಮುನವ್ವರ್ ಸಾಬರ ಗುಜರಿ.
ನಲವತ್ತು ವ್ಯಾಟಿನ ಪ್ಯಾನಲ್ಲು, ಮೂಲೆ ಗಾಜು ಬಿರಿದದ್ದು.
"ಬಿರುಕು ನೋಡಬೇಡಮ್ಮ, ಬಿಸಿಲಿಗೆ ಹಿಡಿ."
ಹಿಡಿದೆ. ಮುಳ್ಳು ಎದ್ದು ನಿಂತಿತು. ಒಂಬೈನೂರು.
ಯಾವುದೋ ಕಂಪ್ಯೂಟರ್ ಸೆಂಟರು ಎಸೆದ ಯುಪಿಎಸ್ ಬ್ಯಾಟರಿ,
ಇಟ್ಟಿಗೆಯಷ್ಟು ಗಾತ್ರ, ಎರಡಿಟ್ಟಿಗೆ ಭಾರ. ಮುನ್ನೂರೈವತ್ತು.
ಎಲ್ಲ ತುಂಬೋಕೆ ಐಸ್ ಕ್ಯಾಂಡಿಯವನ ಹಳೇ ಡಬ್ಬ,
"ಮಂಜುಳಾ ಐಸ್" ಅಂತ ನೀಲಿ ಅಕ್ಷರ,
ಒಳಗೆ ಇರುವೆಗಳು ಇನ್ನೂ ಕಾಯ್ತಾ ಇದ್ದವು. ನೂರಿಪ್ಪತ್ತು.

ವೈಂಡಿಂಗ್ ಅಂಗಡಿ ಬೋರಲಿಂಗಣ್ಣ
ತಾಮ್ರದ ತಂತಿ ಸುತ್ತುತ್ತಲೇ ಪಾಠ ಹೇಳಿದ.
"ಏಳು ಆಂಪಿಯರ್ ಅವರ್, ಹನ್ನೆರಡು ವೋಲ್ಟು. ಗುಣಿಸು."
ಎಂಬತ್ತನಾಲ್ಕು.
ಮೊಟ್ಟೆ ಭಾಷೆಲಿ, ಮೂರು ಟ್ರೇಗೆ ಆರು ಕಮ್ಮಿ.
"ಅರ್ಧಕ್ಕಿಂತ ಜಾಸ್ತಿ ಹಿಂಡಿದ್ರೆ ಸತ್ತೋಯ್ತದೆ."
ಗೂಡಲ್ಲೊಂದು ಮೊಟ್ಟೆ ಬಿಟ್ರೆ ತಾನೆ
ಕೋಳಿ ತಿರುಗಾ ಅಲ್ಲಿಗೇ ಬರೋದು. ಇದು ನಂಗೆ ಹೇಳಬೇಕಾ.
ಹಂಗಾದ್ರೆ ಖರ್ಚಿಗೆ ನಲವತ್ತೆರಡು.
ಮೂರು ವ್ಯಾಟಿನ ಬಲ್ಬು ಹತ್ತು ಗಂಟೆ ಉರಿದ್ರೆ ಒಂದು ಟ್ರೇ,
ಫೋನಿನ ಹೊಟ್ಟೆಗೆ ಹತ್ತು,
ಮಿಕ್ಕ ಎರಡು ಒಡೆದ್ವು ಅಂದ್ಕೊಳ್ಳೋದು.

ಕಂಟ್ರೋಲರು ಇನ್ನೂರೆಂಬತ್ತು, ಬಲ್ಬು ಅರವತ್ತು,
ವೈರು ಕ್ಲಿಪ್ಪು ತೊಂಬತ್ತು. ಗಂಟು ಖಾಲಿ.
"ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್ಲು.
ಬಿಚ್ಚುವಾಗ ತಿರುಗಾಮುರುಗಾ,"
ಮೂರು ಸಲ ಬಾಯಿಪಾಠ ಮಾಡಿಸಿದ.
ಆಮೇಲೆ, "ಫ್ಯೂಸು? ಹತ್ತೇ ರೂಪಾಯಿ."
ಮುಂದಿನ ಸಲ, ಅಂದೆ.

ಮೊದಲನೇ ರಾತ್ರಿ ಬಾತುಗಳು ನಿದ್ದೆ ಮಾಡಲಿಲ್ಲ,
ಬೆಳಗಾಯ್ತು ಅಂತ ಒಂದೇ ಗಲಾಟೆ.
ಬಲ್ಬಿನ ಮುಖ ಆಚೆ ತಿರುಗಿಸಿದೆ.
ಬೆಳಕು ಮುಗಿಯೋ ಬದುವಿನಲ್ಲಿ ಎರಡು ಕಣ್ಣು
ಸುಮಾರು ಹೊತ್ತು ನಿಂತು, ಆರಿದವು.

ಮೂರನೇ ರಾತ್ರಿ ಡಬ್ಬದ ಮುಚ್ಚಳ ಮರೆತೆ.
ಯಾವುದೋ ಬಾತು ಒಳಗೆ ಕಾಲಿಟ್ಟು
ಕ್ಲಿಪ್ಪಿಗೆ ಕ್ಲಿಪ್ಪು ತಾಗಿ
ವೈರು ಕೆಂಡ. ಪ್ಲಾಸ್ಟಿಕ್ಕಿನ ಹೊಗೆ.
ನಮ್ಮೋನು ಬರಿಗೈಲಿ ಕಿತ್ತ.
ಎರಡು ಬೆರಳಿಗೆ ಅಡ್ಡ ಗೆರೆ, ಇನ್ನೂ ಹೋಗಿಲ್ಲ.
ಹತ್ತು ರೂಪಾಯಿ ವಿಷಯ ಅವನಿಗೆ ಗೊತ್ತಿತ್ತು.
ಏನೂ ಅನ್ನಲಿಲ್ಲ. ಬೈದಿದ್ರೆ ವಾಸಿಯಿತ್ತು.
ಬೆಳಿಗ್ಗೆ ಮತ್ತೆ ಮಂಡ್ಯ.
ಎರಡು ಫ್ಯೂಸು ತಂದೆ.

ಈಗ ರೂಢಿಯಾಗಿದೆ.
ದಕ್ಷಿಣಕ್ಕೆ ಮುಖ, ಹಿಂದೆ ಒಂದಿಟ್ಟಿಗೆ,
ಬಾತಿನ ಹಿಕ್ಕೆ ಒರೆಸೋಕೆ ಹಳೇ ಲಂಗದ ಚೂರು.
ಅಂಗೈಯಗಲ ಹಿಕ್ಕೆ ಬಿದ್ರೂ
ಅರ್ಧ ಬಿಸಿಲು ಕಳ್ಳತನ ಆದ ಹಂಗೆ.

ನಿನ್ನೆ ಗದ್ದೆ ಬದಲಾಯಿಸಿದ್ವಿ,
ವಿ.ಸಿ. ನಾಲೆ ಏರಿ ಹಿಡಿದು ಪಾಂಡವಪುರದ ಕಡೆ.
ಎರಡು ದಿನ ಮೋಡ ಇದ್ದು ಅವತ್ತೇ ಬಿಟ್ಟ ಬಿಸಿಲು,
ಸುಮ್ಮನೆ ಬಿಡೋಕೆ ಜೀವ ಬರಲಿಲ್ಲ.
ಪ್ಯಾನಲ್ಲು ನನ್ನ ತಲೆ ಮೇಲೆ,
ಡಬ್ಬ ಅವನ ಹೆಗಲಲ್ಲಿ,
ನಡುವೆ ಎರಡು ಮೀಟರು ವೈರು.

ಅವನದ್ದು ಉದ್ದ ಹೆಜ್ಜೆ.
ಇಪ್ಪತ್ತೆರಡು ವರ್ಷ ಅವನ ಬೆನ್ನು ನೋಡ್ಕೊಂಡೇ ನಡೆದೋಳು ನಾನು.
ನಿನ್ನೆ ವೈರು ಬಿಗಿಯಾಯ್ತು.
ಅವನು ನಿಂತ. ತಿರುಗಿ ನೋಡಿದ.
ಆಮೇಲೆ ಹೆಜ್ಜೆ ಗಿಡ್ಡ ಮಾಡ್ಕೊಂಡ.

ಯಾರೋ ಹುಡುಗ ಬೈಕು ನಿಲ್ಲಿಸಿ ಕೇಳಿದ,
"ಮಾರೋಕಾ ಅಕ್ಕ?"
"ಅಲ್ಲ ಕಣಪ್ಪ," ಅಂದ ನಮ್ಮೋನು,
"ಚಾರ್ಜಿಗೆ ಹಾಕಿದೀವಿ."